ಕಲ್ಲಿನಿಂದ ಹದಿನಾಲ್ಕು ಹೆಜ್ಜೆ

ಎರಡು ಕಂಪನಿಗಳು ಬೀಗರಾದ ಸುದ್ದಿ ನನಗೆ ತಿಳಿದದ್ದು ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ, ರೊಟ್ಟಿ ಮುರಿದು ಬಾಯಿಗಿಡುವ ಹೊತ್ತಿಗೆ. ಜಿಲ್ಲೆಯ ಕಚೇರಿಯಿಂದ ಸಾಹೇಬರ ಫೋನು. ಇನ್ನು ಮೇಲೆ ನಮ್ಮ ನೆಟ್‌ವರ್ಕು ಎದುರಾಳಿ ಕಂಪನಿಯ ಕೇಬಲ್ಲಿನೊಳಗೆ ಹರಿಯುತ್ತದೆ, ಅವರ ಯಂತ್ರಗಳು ನಮ್ಮ ಟವರಿನ ಮೇಲೆ ಕೂರುತ್ತವೆ, ಯಾರೂ ಯಾರನ್ನೂ ಬೈಯುವ ಹಾಗಿಲ್ಲ ಎಂದರು. ಬೀಗರು ಎಂಬ ಮಾತು ನನ್ನದು. ಸಾಹೇಬರ ಬಾಯಲ್ಲಿ ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಆದರೆ ವಿಷಯ ಬೀಗತನದ್ದೇ. ಮನೆ ಒಂದಾಗುವುದಿಲ್ಲ, ಅಡುಗೆ ಒಂದಾಗುವುದಿಲ್ಲ, ಹೋಗಿಬರುವ ದಾರಿ ಮಾತ್ರ ಒಂದಾಗುತ್ತದೆ.

ನನಗೆ ಮೈಯೆಲ್ಲ ಉರಿದುಹೋಯಿತು. ಎಷ್ಟೋ ವರ್ಷ ಕೂಡ್ಲಿಗಿಯಿಂದ ಹಡಗಲಿಯ ತನಕ ಕೆಲಸಕ್ಕೆ ಹೋದಲ್ಲೆಲ್ಲ ಅಂಗಡಿಯವರಿಗೆ, "ಅವರದು ತಗೋಬ್ಯಾಡ್ರಿ, ಗಾಳಿ ಬೀಸಿದರೂ ಲೈನ್ ಹೋಗತೈತಿ" ಎಂದು ಹೇಳಿದ್ದವನು ನಾನು. ಈಗ ಅದೇ ಲೈನನ್ನು ಹೊಗಳಬೇಕು. ಅರ್ಧ ರೊಟ್ಟಿ ಬಿಟ್ಟು ಎದ್ದೆ. ಖಾನಾವಳಿಯ ಅವ್ವ, "ಪಲ್ಯ ಉಪ್ಪಾಗೈತೇನು?" ಎಂದು ಕೇಳಿದ್ದಕ್ಕೂ ಸಿಡುಕಿದೆ. ಆಕೆಯದೇನು ತಪ್ಪಿತ್ತು, ಈಗಲೂ ನೆನೆದರೆ ನಾಚಿಕೆ.

ನನ್ನ ಕೆಲಸ ಕೇಬಲ್ ಜೋಡಿಸುವುದು. ಕೇಬಲ್ ಎಂದರೆ ಒಳಗಿರುವುದು ಗಾಜಿನ ಎಳೆ, ಕೂದಲಿನಷ್ಟು ಸಣ್ಣದು. ಕಡಿದುಹೋದರೆ ಸ್ಪ್ಲೈಸಿಂಗ್ ಮಷೀನಿನಲ್ಲಿಟ್ಟು ಎರಡು ತುದಿ ಕೂಡಿಸಬೇಕು. ಮೊದಲು ನಾನು ಕಂಪನಿಯ ಮನುಷ್ಯನೇ ಆಗಿದ್ದೆ, ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. ಆಮೇಲೊಂದು ದಿನ ಕಂಪನಿ ಈ ಕೆಲಸವನ್ನು ಹೊರಗೆ ಕೊಟ್ಟಿತು. ಅದೇ ದಾರಿ, ಅದೇ ಮಷೀನು, ಅದೇ ಸಾಹೇಬರು, ಆದರೆ ನಾನೀಗ ಗುತ್ತಿಗೆದಾರನ ಆಳು. ಕಂಪನಿಯೆಂಬ ಮನೆಯ ಹೊಸ್ತಿಲನ್ನು ಯಾರೋ ಎತ್ತಿ ನನಗಿಂತ ಒಳಗೆ ಇಟ್ಟುಹೋಗಿದ್ದರು. ನಾನು ಕೂತ ಜಾಗದಿಂದ ಅಲುಗಾಡಿರಲೇ ಇಲ್ಲ, ಆದರೂ ಹೊರಗಾಗಿದ್ದೆ. ಯಾವ ಕೆಲಸ ಮನೆಯೊಳಗಿನದು, ಯಾವುದು ಹೊರಗಿನವರದು ಎಂದು ಕಂಪನಿಗಳು ಹೇಗೆ ತೀರ್ಮಾನಿಸುತ್ತವೆ ಎಂದು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ. ಅಷ್ಟು ಓದಿದವನಲ್ಲ ನಾನು. ನನಗೆ ತಿಳಿದಿದ್ದು ಒಬ್ಬ ಮನುಷ್ಯನ ಕತೆ ಮಾತ್ರ.

ಆ ಕಂಪನಿಯ ಕೇಬಲ್ ನೋಡಿಕೊಳ್ಳುತ್ತಿದ್ದವರು ಕೊಟ್ಟೂರಿನವರು. ಎಲ್ಲರೂ ಅವರನ್ನು ಲೈನಣ್ಣ ಎನ್ನುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಒಣಕಲು ಮೈ, ಮಾತು ಕಡಿಮೆ. ಅವರೂ ನನ್ನ ಹಾಗೆಯೇ ಗುತ್ತಿಗೆಯವರು. ಆ ಕೇಬಲ್ ನೆಲದೊಳಗೆ ಹೂಳುವಾಗ ಗುಂಡಿ ತೋಡಿದ ಗುಂಪಿನಲ್ಲಿದ್ದು, ಆಮೇಲೆ ಜೋಡಿಸುವುದನ್ನು ಕಲಿತು, ಇಡೀ ಪ್ರಾಯವನ್ನು ಅದರ ಹಿಂದೆಯೇ ನಡೆದು ಸವೆಸಿದವರು. ಹರಪನಹಳ್ಳಿಯಿಂದ ಕೊಟ್ಟೂರು, ಕೊಟ್ಟೂರಿನಿಂದ ಒಂದು ಕವಲು ಕೂಡ್ಲಿಗಿಗೆ, ಇನ್ನೊಂದು ಹಗರಿಬೊಮ್ಮನಹಳ್ಳಿ ಹಾದು ಹಡಗಲಿಗೆ. ಈ ದಾರಿಯ ಮಣ್ಣು ಎಲ್ಲಿ ಕೆಂಪು, ಎಲ್ಲಿ ಎರೆ ಎಂದು ಅವರಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು.

ಕಂಪನಿಗಳು ಕಚ್ಚಾಡುತ್ತಿದ್ದ ಕಾಲದಲ್ಲಿ ನಾವಿಬ್ಬರೂ ಚೆನ್ನಾಗಿದ್ದೆವು. ನನ್ನ ಮಷೀನು ಕೈಕೊಟ್ಟಾಗ ಅವರದನ್ನು ಕೇಳುತ್ತಿದ್ದೆ. "ಒಯ್ಯಿ, ಸಂಜಿಗೆ ಕೊಡು. ನಿಮ್ಮ ಸಾಹೇಬ್ರಿಗೆ ಹೇಳಬ್ಯಾಡ, ನಮ್ಮ ಸಾಹೇಬ್ರಿಗೆ ನಾ ಹೇಳಂಗಿಲ್ಲ" ಎನ್ನುತ್ತಿದ್ದರು. ಅವರಿಗೆ ಕಂಬ ಹತ್ತುವುದು ಮಂಡಿನೋವಿನಿಂದ ಆಗುತ್ತಿರಲಿಲ್ಲ, ನಾನು ಹತ್ತಿ ಕೊಡುತ್ತಿದ್ದೆ. ಮೇಲಿನವರು ಒಪ್ಪಂದಕ್ಕೆ ಸಹಿ ಹಾಕುವುದಕ್ಕೆ ಎಷ್ಟೋ ಮುಂಚೆ ಕೆಳಗೆ ನಮ್ಮ ಒಪ್ಪಂದ ಕೊಟ್ಟೂರಿನ ಚಹಾದಂಗಡಿಯಲ್ಲಿ ಆಗಿಹೋಗಿತ್ತು. ಸಹಿ ಬಿದ್ದ ಮೇಲೆಯೇ ನಮ್ಮಿಬ್ಬರ ನಡುವೆ ಬಿರುಕು ಬಂತು. ಯಾಕೆಂದರೆ ಲೈನು ಒಂದಾದ ಮೇಲೆ ನೋಡಿಕೊಳ್ಳಲು ಇಬ್ಬರು ಯಾಕೆ?

ಸಾಹೇಬರು ನನ್ನನ್ನು ಕರೆಸಿ ಬಾಗಿಲು ಹಾಕಿಕೊಂಡು ಮಾತಾಡಿದರು. ಆ ಕೇಬಲ್ ಎಲ್ಲಿ ಹೂತಿದೆ ಎಂಬುದಕ್ಕೆ ಸರಿಯಾದ ನಕ್ಷೆ ಆ ಕಂಪನಿಯವರ ಬಳಿಯೇ ಇಲ್ಲ. ಇರುವುದು ಲೈನಣ್ಣನ ತಲೆಯಲ್ಲಿ. ಅಳೆಯುವ ಯಂತ್ರ ಕೇಬಲ್ಲಿನ ಉದ್ದ ಹೇಳುತ್ತದೆಯೇ ಹೊರತು ಜಾಗ ಹೇಳುವುದಿಲ್ಲ. ಹೂಳುವಾಗ ಅಲ್ಲಲ್ಲಿ ಸುರುಳಿ ಸುತ್ತಿ ಹೆಚ್ಚಿನದನ್ನು ಇಟ್ಟಿರುತ್ತಾರಲ್ಲ, ಹಾಗಾಗಿ ಲೆಕ್ಕ ತಪ್ಪುತ್ತದೆ. "ಆತನ ಜೊತೆ ನಡೆದು ಪ್ರತಿ ಜಾಗವನ್ನೂ ಫೋನಿನಲ್ಲಿ ಗುರುತು ಹಾಕಿಕೊಂಡು ಬಾ. ನಕ್ಷೆ ನಮ್ಮ ಕೈಗೆ ಬಂದರೆ ಒಬ್ಬರು ಸಾಕು. ಆತನಿಗೂ ಇದು ಗೊತ್ತಿರುತ್ತೆ. ಅದಕ್ಕೇ ಬೇಕಂತಲೇ ದಾರಿ ತಪ್ಪಿಸ್ತಾನೆ. ಬಾಯಿಮಾತು ನಂಬಬೇಡ, ಕಲ್ಲು ನಂಬು" ಎಂದರು.

ಸಾಹೇಬರು ಕೆಟ್ಟವರಲ್ಲ. ಅವರ ತಲೆಯ ಮೇಲೆ ಇನ್ನೊಬ್ಬರಿದ್ದರು, ಆ ಇನ್ನೊಬ್ಬರ ಮೇಲೆ ಮತ್ತೊಬ್ಬರು. ಆದರೆ ಅವರ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಒಬ್ಬರು ಸಾಕು ಎಂದಾಗ ಆ ಒಬ್ಬ ನಾನೇ ಆಗಬೇಕು ಎಂದು ನನಗೆ ಅನ್ನಿಸಿತು. ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕಲ್ಲಿನ ವಿಷಯ ಹೇಳಬೇಕು. ಕೇಬಲ್ ಹೂತಲ್ಲಿ ಕಂಪನಿ ಸಿಮೆಂಟಿನ ಗುರುತು ಕಂಬ ನೆಡಿಸುತ್ತದೆ. ನಮ್ಮ ಕಡೆ ಅವು ಆರು ತಿಂಗಳು ನಿಂತರೆ ಹೆಚ್ಚು. ಒಂದು ಬಟ್ಟೆ ಒಗೆಯುವ ಕಲ್ಲಾಗುತ್ತದೆ, ಒಂದಕ್ಕೆ ಆಡು ಕಟ್ಟುತ್ತಾರೆ, ಇನ್ನೊಂದು ಯಾರದೋ ಬಚ್ಚಲ ಮೆಟ್ಟಿಲಾಗುತ್ತದೆ. ಲೈನಣ್ಣ ಸಿಮೆಂಟಿನ ಗೊಡವೆ ಬಿಟ್ಟು, ಪ್ರತಿ ಜೋಡಣೆಯ ಮೇಲೆ ಒಂದು ಕರಿಯ ಗುಂಡುಕಲ್ಲು ಇಟ್ಟು, ಸುಣ್ಣ ಬಳಿದು, ಅರಿಸಿನ ಕುಂಕುಮ ಹಚ್ಚಿಬಿಟ್ಟಿದ್ದರು. ಅಷ್ಟೇ. ಆಮೇಲೆ ಅದನ್ನು ಮುಟ್ಟುವ ಗಂಡು ಹುಟ್ಟಲಿಲ್ಲ. ಜೆಸಿಬಿಯವರು ಚಪ್ಪಲಿ ಬಿಟ್ಟು ಕೈಮುಗಿದು ಸುತ್ತು ಹಾಕಿ ಹೋಗುತ್ತಿದ್ದರು. ಕೆಲವು ಕಲ್ಲುಗಳಿಗೆ ಹೆಣ್ಣುಮಕ್ಕಳು ಮಂಗಳವಾರ ದೀಪ ಹಚ್ಚತೊಡಗಿದರು. ಚಿಗಟೇರಿ ಕಡೆಯ ಒಂದು ಕಲ್ಲಿಗೆ ವೈರಮ್ಮ ಎಂದೇ ಹೆಸರಾಗಿತ್ತು. ಕಂಪನಿಯ ಯಾವ ಕಾವಲುಗಾರನೂ ಮಾಡದ ಕೆಲಸವನ್ನು ಎರಡು ಚಿಟಿಕೆ ಕುಂಕುಮ ಮಾಡಿತ್ತು.

ನಾವು ಕೊಟ್ಟೂರಿನಿಂದ ಹರಪನಹಳ್ಳಿ ದಿಕ್ಕಿಗೆ ನಡೆಯಲು ಶುರು ಮಾಡಿದೆವು. ಮೊದಲ ದಿನ ಏನೂ ತಕರಾರಿಲ್ಲ. ಅವರು ಕಲ್ಲು ತೋರಿಸುತ್ತಿದ್ದರು, ನಾನು ಅದರ ಪಕ್ಕ ನಿಂತು ಫೋನಿನ ಪರದೆ ಒತ್ತುತ್ತಿದ್ದೆ, ನಕ್ಷೆಯ ಮೇಲೆ ಹಸಿರು ಚುಕ್ಕೆ ಬೀಳುತ್ತಿತ್ತು. ನಡುನಡುವೆ ಅವರು ಎಲೆಯಡಿಕೆ ಹಾಕಿಕೊಂಡು, "ಇಲ್ಲಿ ಗುಂಡಿ ತೋಡುವಾಗ ಹಾವು ಬಂದಿತ್ತು ನೋಡು" ಎಂದು ಹಳೆಯದನ್ನು ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ನನ್ನ ಕಣ್ಣು ಅವರ ಮುಖದ ಮೇಲಿತ್ತು, ಎಲ್ಲಿ ಸುಳ್ಳು ಹೊರಬೀಳುತ್ತದೋ ಎಂದು.

ಎರಡನೆಯ ದಿನ ವೈರಮ್ಮನ ಬಳಿ ಬಂದೆವು. ಮೆಕ್ಕೆಜೋಳ ಕಿತ್ತು ಖಾಲಿಯಾಗಿದ್ದ ಹೊಲ. ಬದುವಿನ ಬೇವಿನ ಗಿಡದ ಕೆಳಗೆ ಸಣ್ಣ ಕಟ್ಟೆ, ಅದರ ಮೇಲೆ ಸುಣ್ಣ ಬಳಿದ ಕಲ್ಲು, ಮುಂದೆ ಹಸಿರು ಬಳೆ, ಎಣ್ಣೆ ಆರಿದ ಹಣತೆ. ನಾನು ಫೋನು ತೆಗೆದೆ. ಲೈನಣ್ಣ ಕಲ್ಲಿಗೆ ಕೈಮುಗಿದು, ಬೆನ್ನು ತಿರುಗಿಸಿ, ಹೆಜ್ಜೆ ಎಣಿಸುತ್ತ ಹೊಲದೊಳಗೆ ನಡೆದರು. ಹದಿನಾಲ್ಕನೆಯ ಹೆಜ್ಜೆಗೆ ನಿಂತರು.

"ಕಲ್ಲಿನ ಹತ್ರ ಒತ್ತಬ್ಯಾಡ ತಮ್ಮಾ. ಇಲ್ಲಿ ಬಂದು ಒತ್ತು. ಕೇಬಲ್ಲು ಇಲ್ಲೈತಿ."

"ಕಲ್ಲು ಇಲ್ಲೈತಲ್ಲಣ್ಣ. ಕಲ್ಲು ಇಟ್ಟವರು ನೀವೇ ಅಲ್ರೀ?"

"ಇಟ್ಟಾವ ನಾನs. ಇಟ್ಟಿದ್ದು ಇಲ್ಲೇ. ಆಮ್ಯಾಲೆ ಹೊಲದವರು ಎತ್ತಿ ಅಲ್ಲಿ ಕೂಡ್ರಿಸ್ಯಾರ. ಈಗಿನ ಕಲ್ಲಿನಿಂದ ಮೂಡಲಕ್ಕ ಹದಿನಾಲ್ಕು ಹೆಜ್ಜಿ."

ದೇವರನ್ನು ಯಾರಾದರೂ ಎತ್ತಿ ಇಡುತ್ತಾರೆಯೇ? ಜೆಸಿಬಿಯವನೇ ಮುಟ್ಟದ ಕಲ್ಲು. ನನ್ನ ತಲೆಯಲ್ಲಿ ಸಾಹೇಬರ ಮಾತು ಗಂಟೆ ಬಾರಿಸಿದಂತೆ ಬಾರಿಸಿತು. ಬಂತು ನೋಡು, ಈತ ಈಗ ಶುರುಮಾಡಿದ ಎಂದುಕೊಂಡೆ. ಹೊಲದವರ ಮನೆ ಕೂಗಳತೆಯಲ್ಲಿತ್ತು. ಹೋಗಿ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ನನಗೆ ಗೊತ್ತಿದೆ ಎಂಬ ಸೊಕ್ಕು ಬಂದಾಗ ಕೂಗಳತೆಯೂ ದೂರವೇ.

ಕಟ್ಟೆಯ ಪಕ್ಕ ನಿಂತು ಒತ್ತಿದೆ. ಚುಕ್ಕೆ ಬಿತ್ತು. ಅದರ ಕೆಳಗೆ ಷರಾ ಬರೆಯುವ ಜಾಗವಿತ್ತು. "ಈ ಮನುಷ್ಯ ಸುಳ್ಳು ಜಾಗ ತೋರಿಸುತ್ತಿದ್ದಾನೆ, ನಂಬುವಂತಿಲ್ಲ" ಎಂದು ಕನ್ನಡದಲ್ಲಿ ಬರೆದು ಸಾಹೇಬರಿಗೆ ಕಳಿಸಿದೆ. ಅಷ್ಟರಲ್ಲಿ ಲೈನಣ್ಣ ನನ್ನ ಪಕ್ಕಕ್ಕೆ ಬಂದು ನಿಂತಿದ್ದರು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದರು.

ಆಮೇಲೆ ಕೂಡ್ಲಿಗಿ, ಹಡಗಲಿಯ ಕವಲುಗಳಲ್ಲಿ ನಡೆದ ಉಳಿದ ದಿನಗಳೂ ಹೀಗೆಯೇ. ಎಲ್ಲ ಕಲ್ಲೂ ಸರಿದಿರಲಿಲ್ಲ, ಹತ್ತಕ್ಕೆ ಒಂದೆರಡು. ಅಂಥದ್ದು ಬಂದಾಗ ಅವರು ಹೆಜ್ಜೆ ಎಣಿಸಿ ಹೋಗಿ ನಿಲ್ಲುತ್ತಿದ್ದರು, ನಾನು ಕಲ್ಲಿನ ಬಳಿ ಒತ್ತುತ್ತಿದ್ದೆ. ಅವರು ಒಂದು ಸಲವೂ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಪ್ರತಿ ಸಲವೂ ಸುಮ್ಮನೆ ಹೋಗಿ ಬಿಸಿಲಲ್ಲಿ ನಿಂತು, ನಾನು ಬರಬಹುದೇನೋ ಎಂದು ಒಂದು ಗಳಿಗೆ ಕಾದು, ಆಮೇಲೆ ಬರುತ್ತಿದ್ದರು.

ತಿಂಗಳು ಕಳೆಯುವುದರೊಳಗೆ ಅವರನ್ನು ಕೆಲಸದಿಂದ ಬಿಡಿಸಿದರು. ಜೋಡಣೆ ಪೆಟ್ಟಿಗೆಗಳ ಕೀಲಿಗೊಂಚಲನ್ನು ಅದೇ ಚಹಾದಂಗಡಿಯಲ್ಲಿ ನನ್ನ ಕೈಗಿಟ್ಟರು. ಅವರ ಕೈ ಗೊಂಚಲಿನ ಮೇಲೆ ಸ್ವಲ್ಪ ಹೊತ್ತು ಉಳಿಯಿತು. "ಈ ದಾರಿ ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ಲಪ್ಪ" ಎಂದು ನಕ್ಕರು. ಆಮೇಲೆ, "ಆ ಬೇವಿನ ಗಿಡದ ಹತ್ರ ಒಂದಿಷ್ಟು ಜ್ವಾಕಿ" ಎಂದರು. ಇನ್ನೂ ಬಿಡಲಿಲ್ಲವಲ್ಲ ಈ ಮನುಷ್ಯ ಎಂದುಕೊಂಡೆ. ಚಹಾ ನಾನು ಕುಡಿಸಲಿಲ್ಲ, ಅವರೇ ಕುಡಿಸಿದರು.

ಮುಂದಿನ ಬಿತ್ತನೆಗೆ ಮೊದಲು ಆ ಭಾಗದಲ್ಲಿ ಕುಡಿಯುವ ನೀರಿನ ಪೈಪು ಹಾಕುವ ಕೆಲಸ ಬಂತು. ಹೊಳೆಯ ನೀರು ಹಲವಾಗಲಿನ ಕಡೆಯಿಂದ ಬರಬೇಕಿತ್ತು. ಪೈಪಿನವರು ನಮ್ಮ ಕೇಬಲ್ ಎಲ್ಲಿದೆ ಎಂದು ಕೇಳಿದಾಗ ನಾನು ಜಂಬದಿಂದ ನಕ್ಷೆ ತೆರೆದು ತೋರಿಸಿದೆ. ವೈರಮ್ಮನ ಹೊಲಕ್ಕೆ ನಾನೇ ಹೋಗಿ ನಿಂತೆ. ಜೆಸಿಬಿಯ ಡ್ರೈವರು ಕಲ್ಲು ನೋಡಿದವನೇ, "ಅದರ ಸನೇಕ ನಾ ಬರಂಗಿಲ್ರಿ ಸರ್" ಎಂದ. "ಬರೋದೇ ಬ್ಯಾಡ. ಅಲ್ಲಿಂದ ದೂರ ಹೋಗು, ಇನ್ನೂ ಸ್ವಲ್ಪ, ಹಾಂ, ಅಲ್ಲಿ ತೋಡು" ಎಂದು ಕೈ ತೋರಿಸಿದೆ. ನಾನು ಎಲ್ಲಿ ತೋಡಿಸುತ್ತಿದ್ದೇನೆ ಎಂಬುದು ಬಕೆಟ್ಟು ನೆಲಕ್ಕೆ ಇಳಿಯುವಾಗ ಹೊಳೆಯಿತು. ಲೈನಣ್ಣ ನಿಂತಿದ್ದ ಜಾಗ. ಬಾಯಿ ತೆರೆಯುವಷ್ಟರಲ್ಲಿ ಬಕೆಟ್ಟು ಮೇಲೆದ್ದಿತ್ತು. ಹಲ್ಲಿಗೆ ಸಿಕ್ಕ ಕೇಬಲ್ಲು ಹರಿದು ಜೋತಾಡುತ್ತಿತ್ತು.

ಹೊಲದ ಅಜ್ಜಿ ಸದ್ದು ಕೇಳಿ ಓಡಿ ಬಂದರು. "ಯಾಕಪ್ಪ, ಅಲ್ಲೇ ಯಾಕ ತೋಡಿಸಿದಿ? ಅದು ಅಮ್ಮನ ಮೊದಲಿನ ಜಾಗ. ಬಿತ್ತಾಕ ಅಡ್ಡ ಬರ್ತಿತ್ತು ಅಂತ ನಾವs ಅಪ್ಪಣಿ ಕೇಳಿ, ಕಾಯಿ ಒಡದು, ಗಿಡದ ಕೆಳಗ ಕೂಡ್ರಿಸೀವಿ. ತುಳಿಯಾಕಾದೀತೇನು ದೇವ್ರನ್ನ? ಲೈನಣ್ಣ ಬಂದು ಹೆಜ್ಜಿ ಎಣಿಸ್ಕೊಂಡು ಹೋಗ್ಯಾನಲ್ಲ, ನಿಮಗ ಹೇಳಿಲ್ಲೇನು?"

ಹೇಳಿದ್ದರು ಅಜ್ಜಿ. ಹೇಳಿದ್ದರು. ಅವರ ಕೈಯಲ್ಲಿ ಉಳಿದಿದ್ದು ಅದೊಂದೇ ಗುಟ್ಟು. ಅದನ್ನು ಬಾಯಿ ಮುಚ್ಚಿ ಇಟ್ಟುಕೊಂಡಿದ್ದರೆ ಯಾವ ಕಂಪನಿಯೂ ಅವರನ್ನು ಬಿಡಿಸುವ ಹಾಗಿರಲಿಲ್ಲ. ಆ ಗುಟ್ಟನ್ನೇ ಬಿಸಿಲಲ್ಲಿ ನಿಂತು ಕೈಯೆತ್ತಿ ಕೊಟ್ಟಿದ್ದರು. ಕೊಟ್ಟಿದ್ದನ್ನು ನಾನು ಸುಳ್ಳು ಎಂದು ಬರೆದಿದ್ದೆ. ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ, ಕಣ್ಣಲ್ಲಿ ನೀರು ಬಂತು.

ಫೋನು ಮಾಡೋಣವೆಂದರೆ ಎರಡು ಕಂಪನಿಯ ನೆಟ್‌ವರ್ಕೂ ಸತ್ತಿತ್ತು. ಬೀಗರಾದ ಮೇಲೆ ಸಾವಿನ ದುಃಖವೂ ಇಬ್ಬರದೂ ತಾನೇ. ಬೈಕ್ ಹತ್ತಿ ಕೊಟ್ಟೂರಿಗೆ ಹೊರಟೆ. ದಾರಿಯಲ್ಲಿ ಒಂದು ನ್ಯಾಯಬೆಲೆ ಅಂಗಡಿಯ ಮುಂದೆ ಯಂತ್ರ ಹೆಬ್ಬೆಟ್ಟು ಹಿಡಿಯದೆ ಜನ ಚೀಲ ಇಟ್ಟುಕೊಂಡು ಕೂತಿದ್ದರು. ಬ್ಯಾಂಕಿನ ಬಾಗಿಲಲ್ಲಿ ಯಾರೋ ಜಗಳವಾಡುತ್ತಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು.

ಲೈನಣ್ಣ ಮನೆಯ ಕಟ್ಟೆಯ ಮೇಲೆ ಯಾರದೋ ಮಿಕ್ಸರ್ ಬಿಚ್ಚಿಕೊಂಡು ಕೂತಿದ್ದರು. ಮತ್ತೊಂದೆರಡು ಪಕ್ಕದಲ್ಲಿದ್ದವು. ನನ್ನ ಮುಖ ನೋಡಿದವರೇ, "ವೈರಮ್ಮನ ಹತ್ರ ಏನು?" ಎಂದರು. ನಾನು ತಲೆಯಾಡಿಸಿದೆ. ಕೈ ತೊಳೆದುಕೊಂಡು, ಗೂಟಕ್ಕೆ ಹಾಕಿದ್ದ ಅಂಗಿ ತೊಟ್ಟು, ಒಳಗೆ ನೋಡಿ, "ಬಂದೆ ನೋಡು, ಊಟಕ್ಕ ಕಾಯಬ್ಯಾಡ" ಎಂದು ಹೇಳಿ, ನನ್ನ ಬೈಕಿನ ಹಿಂದೆ ಕೂತರು. ಅಷ್ಟೇ. ಕಂಪನಿ ಕರೆಯಿತೋ, ನಾನೇ ಕರೆದೆನೋ ಎಂದು ಕೇಳಲಿಲ್ಲ.

ಗುಂಡಿಯಲ್ಲಿ ಮಂಡಿಯೂರಿ ಇಬ್ಬರೂ ಜೋಡಿಸಿದೆವು. ನೀಲಿ ಎಳೆಗೆ ನೀಲಿ, ಕಿತ್ತಳೆಗೆ ಕಿತ್ತಳೆ. ನಾಲ್ಕನೆಯ ಎಳೆಗೆ ಬಂದಾಗ ತಡೆಯಲಾಗದೆ ಹೇಳಿಬಿಟ್ಟೆ. "ಅಣ್ಣ, ಅವತ್ತು ನಾ ನಿಮ್ಮ ಮ್ಯಾಲೆ ಬರೆದು ಕಳಿಸಿದ್ದೆ. ನಿಮ್ಮನ್ನ ಬಿಡಿಸಿದ್ದು ಅದರಿಂದs."

ಅವರು ಮಷೀನಿನಿಂದ ಕಣ್ಣು ತೆಗೆಯಲಿಲ್ಲ. "ಗೊತ್ತೈತಿ. ಪಕ್ಕದಾಗs ಇದ್ನಲ್ಲ, ಓದೀನಿ. ನೀ ಫೋನಿನಾಗ ಅಕ್ಷರ ಭಾಳ ದೊಡ್ಡದು ಇಟ್ಕೊಂಡಿದ್ದಿ."

"ಮತ್ತ ಯಾಕ ಬೈಲಿಲ್ರಿ?"

"ನಿನಗೂ ಮನಿ ಐತಿ. ಹಿಡಿ, ಆ ತುದಿ ಹಿಡಿ."

ಸಂಜೆಯ ಹೊತ್ತಿಗೆ ಲೈನು ಬಂತು. ಮರುದಿನ ಸಾಹೇಬರು ಬಂದು, ಲೈನಣ್ಣನನ್ನು ಕರೆದುಕೊಂಡು ಹೋಗಿ ತಪ್ಪಿದ ಚುಕ್ಕೆಗಳನ್ನೆಲ್ಲ ಸರಿಮಾಡು ಎಂದರು. "ಅವರನ್ನ ಮತ್ತೆ ತಗೊಳ್ಳಿ ಸರ್" ಎಂದೆ. ಸಾಹೇಬರು, "ನಕ್ಷೆ ಸರಿಯಾಗದಿದ್ದರೆ ತಗೊಳ್ಳಲೇಬೇಕಾಗುತ್ತೆ. ಸರಿಯಾದ ಮೇಲೆ ನಾನು ಮೇಲಿನವರಿಗೆ ಏನಂತ ಹೇಳಲಿ? ನೀನೇ ಹೇಳು" ಎಂದರು. ಅವರ ದನಿಯಲ್ಲಿ ಬೇಸರವಿತ್ತು. ಅವರು ನನಗೊಂದು ಸನ್ನೆ ಕೊಟ್ಟರೋ ಏನೋ, ಇವತ್ತಿಗೂ ಗೊತ್ತಿಲ್ಲ. ನಾನಂತೂ ಹಾಗೇ ತಿಳಿದೆ.

ಮತ್ತೆ ಅದೇ ದಾರಿ ನಡೆದೆವು. ಈ ಸಲ ಅವರು ಹೆಜ್ಜೆ ಎಣಿಸಿ ನಿಂತಲ್ಲೆಲ್ಲ ನಾನು ಓಡಿಹೋಗಿ ಒತ್ತಿದೆ. ಹಡಗಲಿಯ ಹತ್ತಿರ ಕೊನೆಯ ಸರಿದ ಕಲ್ಲು ಉಳಿಯಿತು. ಒಂದು ಸೂರ್ಯಕಾಂತಿ ಹೊಲದ ಅಂಚಿನಲ್ಲಿತ್ತು. ಅವರು ಪಡುವಲಕ್ಕೆ ಒಂಬತ್ತು ಹೆಜ್ಜೆ ಹೋಗಿ ನಿಂತರು. ನಾನು ಕಲ್ಲಿನ ಬಳಿಯೇ ನಿಂತೆ.

"ಅಣ್ಣ, ಇದೊಂದು ಹಿಂಗs ಇರ್ಲಿ. ಕಲ್ಲಿನ ಮ್ಯಾಲಿನ ಚುಕ್ಕಿ ನಾ ತೆಗೆಯಂಗಿಲ್ಲ. ಇವತ್ತಲ್ಲ ನಾಳೆ ಇಲ್ಲಿ ಏನರ ಆಗತೈತಿ, ನಿಮ್ಮನ್ನ ಕರೀಲೇಬೇಕಾಗತೈತಿ. ನಾನೂ ನೀವೂ ಬಿಟ್ರ ಯಾರಿಗೂ ಗೊತ್ತಾಗಂಗಿಲ್ಲ."

ಅವರು ಸೂರ್ಯಕಾಂತಿ ಗಿಡಗಳ ನಡುವೆ ನಿಂತು ನನ್ನನ್ನೇ ನೋಡಿದರು. ನನ್ನ ಮೇಲೆ ಪ್ರೀತಿ ಬಂದಾಗ ಅವರ ಹಣೆ ಸ್ವಲ್ಪ ಗಂಟಾಗುತ್ತಿತ್ತು, ಆಗಲೂ ಹಾಗೆಯೇ ಆಯಿತು.

"ಒಂದು ಸುಳ್ಳು ಜಾಗ ಇಟ್ಟೆ ಅಂದ್ರ, ನೀ ಅವತ್ತು ನನ್ನ ಮ್ಯಾಲೆ ಬರದಿದ್ದು ಖರೇ ಆಗತೈತಲ್ಲ ತಮ್ಮಾ."

ಕಲ್ಲು ಬಿಟ್ಟು, ಒಂಬತ್ತು ಹೆಜ್ಜೆ ನಡೆದು, ಅವರ ಪಕ್ಕ ನಿಂತು ಒತ್ತಿದೆ.

"ಬಿತ್ತೇನು?" ಎಂದರು.

"ಬಿತ್ತಣ್ಣ."

"ಹಂಗಾರ ನಡಿ. ಮಿಕ್ಸರ್ ಕೊಟ್ಟಾರಲ್ಲ, ಆ ಅಕ್ಕಾರು ಸಂಜಿಗೆ ಬರ್ತಾರ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಸ್ಸಿನ ದಾರಿ ಹಿಡಿದರು.